ಪೊರೆ ಕಾಯುತ್ತದೆ, ಅಕ್ಷಿಪಟಲ ಕಾಯದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕಣ್ಣಿನ ಆಪರೇಷನ್ ಎಂದರೆ ಬಹುತೇಕರಿಗೆ ಪೊರೆ ತೆಗೆಸುವುದು. ಡಾ. ಎಂ.ಸಿ. ಮೋದಿಯವರು ರೂಢಿಗೆ ತಂದ ಶಿಬಿರಗಳು ನಾಡಿನ ಅಸಂಖ್ಯ ಬಡವರಿಗೆ ದೃಷ್ಟಿ ಕೊಟ್ಟವು. ಆದರೆ ‘ಪೊರೆ ಬಲಿಯಲಿ, ಆಮೇಲೆ ನೋಡೋಣ’ ಎಂಬ ಹಳೆಯ ಮಾತು ಮಾತ್ರ ಹೋಗಲಿಲ್ಲ. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಲು ವರ್ಷ ಕಾಯುವ ಮಂದಿಗೆ ಪೊರೆಯ ಕಾಯುವಿಕೆ ಹೊಸದೂ ಅಲ್ಲ. ಕಣ್ಣಿನ ಹಿಂಬದಿಯ ಅಕ್ಷಿಪಟಲ, ಅಂದರೆ ರೆಟಿನಾ, ಹರಿದು ಕಳಚಿದರೆ ಮಾತ್ರ ಲೆಕ್ಕ ದಿನಗಳದ್ದು.

ಇಂಥ ರೋಗಿ ನಗರ ಸೇರಿದಾಗ ಕಿವಿಗೆ ಬೀಳುವ ಹೊಸ ಪದ ‘ಗೇಜ್’. ಸಂಖ್ಯೆ ದೊಡ್ಡದಾದಷ್ಟೂ ಉಪಕರಣ ಸಣ್ಣದು. 1970ರಲ್ಲಿ ಮಯಾಮಿಯ ರಾಬರ್ಟ್ ಮ್ಯಾಕೆಮರ್ ಕಣ್ಣಿನೊಳಗಿನ ಲೋಳೆಯನ್ನು ಕತ್ತರಿಸಿ ಹೀರಲು ಬಳಸಿದ್ದು 17 ಗೇಜ್ ಸಾಧನ. ದಪ್ಪ ಸುಮಾರು ಒಂದೂವರೆ ಮಿ.ಮೀ. ಮುಂದೆ 20 ಗೇಜ್ (0.9 ಮಿ.ಮೀ.) ದಶಕಗಳ ಕಾಲ ಆಳಿತು. 2002ರಲ್ಲಿ 25, 2005ರಲ್ಲಿ 23, 2010ರಲ್ಲಿ 27 ಗೇಜ್ ಬಂದವು. 27ರ ದಪ್ಪ ಬರೀ 0.4 ಮಿ.ಮೀ. ಗಾಯ ಸಣ್ಣದು, ಸಾಮಾನ್ಯವಾಗಿ ಹೊಲಿಗೆ ಬೇಡ, ಉರಿಯೂ ಕಡಿಮೆ. ಜಾಹೀರಾತು ಇಷ್ಟಕ್ಕೇ ನಿಲ್ಲುತ್ತದೆ.

ನಳಿಕೆಯ ವ್ಯಾಸ ಅರ್ಧವಾದರೆ, ಒತ್ತಡ ಅಷ್ಟೇ ಇದ್ದಾಗ, ಹರಿವು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಈ ನಷ್ಟವನ್ನು ತುಂಬಲೆಂದೇ ಹೊಸ ಯಂತ್ರಗಳು ನಿಮಿಷಕ್ಕೆ ಸಾವಿರಾರು ಬಾರಿ ಕತ್ತರಿಸುತ್ತವೆ. ಅಕ್ಷಿಪಟಲದ ಮೇಲಿನ ತೆಳು ಪದರ ಸುಲಿಯುವಂಥ ನಾಜೂಕು ಕೆಲಸಕ್ಕೆ 25 ಅಥವಾ 27 ಸೊಗಸು. ಸಕ್ಕರೆ ಕಾಯಿಲೆಯಿಂದ ರಕ್ತ ತುಂಬಿ, ಗಟ್ಟಿ ಪದರ ಎಳೆದುಕೊಂಡ ಕಣ್ಣಿನಲ್ಲಿ ಬಾಗದ 23 ಹಿತ ಎನ್ನುವ ಸರ್ಜನ್‌ಗಳಿದ್ದಾರೆ. ಅಕ್ಷಿಪಟಲವನ್ನು ಒತ್ತಿ ಹಿಡಿಯಲು ಕಣ್ಣೊಳಗೆ ತುಂಬುವ ಸಿಲಿಕಾನ್ ಎಣ್ಣೆ ಸಣ್ಣ ನಳಿಕೆಯಲ್ಲಿ ನಿಧಾನವಾಗಿ ಇಳಿಯುತ್ತದೆ. ಹಾರೆ ತಟ್ಟುವಾಗ ಸಿಡಿದ ದೊಡ್ಡ ಕಬ್ಬಿಣದ ಚೂರು ಕಣ್ಣೊಳಗೆ ಹೊಕ್ಕಿದ್ದರೆ ಯಾವ ಗೇಜಿನ ರಂಧ್ರದಿಂದಲೂ ಬಾರದು, ಗಾಯವನ್ನು ಅಗಲಿಸಲೇಬೇಕು.

ಇನ್ನೂ ಹಳೆಯದೊಂದಿದೆ: ಕಣ್ಣುಗುಡ್ಡೆಯ ಹೊರಗಿನಿಂದ ಸಿಲಿಕಾನ್ ಪಟ್ಟಿ ಹೊಲಿದು, ಹರಿದ ಜಾಗಕ್ಕೆ ಗೋಡೆಯನ್ನೇ ಒತ್ತಿ ತರುವ ಬಕಲ್. ದುಬಾರಿ ಕತ್ತರಿ-ಯಂತ್ರ ಬೇಡ, ಕಣ್ಣೊಳಗೆ ಎಣ್ಣೆ ಬೇಡ. ಮರದಿಂದ ಬಿದ್ದ ಮಟ್ಟೆಯೋ ಕಾಯಿಯೋ ಬಡಿದು ಹುಡುಗನೊಬ್ಬನ ಅಕ್ಷಿಪಟಲ ಅಂಚಿನಲ್ಲಿ ಕಿತ್ತಿದ್ದರೆ ಇಂದಿಗೂ ಇದೇ ಒಳ್ಳೆಯ ಆಯ್ಕೆ. ಎಣ್ಣೆ ತುಂಬಿಸಿಕೊಂಡವನು ಸಾಮಾನ್ಯವಾಗಿ ಅದನ್ನು ತೆಗೆಸಲು ಮತ್ತೆ ಬರಬೇಕು. ಕೂಲಿಯವನಿಗೆ ಆ ಎರಡನೇ ಪಯಣ ಸಣ್ಣ ಖರ್ಚಲ್ಲ. ಹೊಸದರ ಮೋಹದಲ್ಲಿ ಬಕಲ್ ಕಲಿಯುವ ಯುವ ವೈದ್ಯರು ಕಡಿಮೆಯಾಗುತ್ತಿರುವುದು ನನಗಂತೂ ಆತಂಕದ ವಿಷಯ.

ಆದರೂ ದೃಷ್ಟಿ ಎಷ್ಟು ಉಳಿದೀತು ಎಂಬುದು ಗೇಜಿಗಿಂತ ಹೆಚ್ಚಾಗಿ ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾ ಇನ್ನೂ ಅಂಟಿಕೊಂಡಿದೆಯೇ ಎಂಬುದರ ಮೇಲೆ ನಿಂತಿದೆ. ಕಣ್ಣಲ್ಲಿ ಮಿಂಚು, ದಿಢೀರನೆ ಕಪ್ಪು ಚುಕ್ಕೆಗಳು, ಬದಿಯಿಂದ ಕವಿಯುವ ನೆರಳು ಕಂಡರೆ ಅದೇ ದಿನ ಪರೀಕ್ಷೆಯಾಗಬೇಕು. ಹಾಗಾಗಿ ತಾಲ್ಲೂಕು ಆಸ್ಪತ್ರೆಯ ಮಟ್ಟಿಗೆ ಹೋಲಿಸಬೇಕಾದ ಉಪಕರಣಗಳೇ ಬೇರೆ. ಅಕ್ಷಿಪಟಲದ ಚಿತ್ರ ತೆಗೆಯುವ ಕ್ಯಾಮೆರಾ ನಡುಭಾಗವನ್ನು ಚೆನ್ನಾಗಿ ತೋರಿಸುತ್ತದೆ, ಅಂಚಿನಲ್ಲಿ ಹರಿದ ಜಾಗ ತಪ್ಪಿಹೋಗಬಹುದು. ಪಾಪೆ ಹಿಗ್ಗಿಸಿ, ತಲೆಗೆ ಕಟ್ಟಿದ ದೀಪ ಮತ್ತು ಕೈಮಸೂರದಿಂದ ನೋಡುವ ಇನ್‌ಡೈರೆಕ್ಟ್ ಆಫ್ತಾಲ್ಮೋಸ್ಕೋಪ್ ಅದನ್ನು ಹಿಡಿಯುತ್ತದೆ.

ದೂರ ನೆಪವಾಗದು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದ ಚಿತ್ರವನ್ನು ತಂತ್ರಜ್ಞರೇ ಜಿಲ್ಲೆಗಳಲ್ಲಿ ತೆಗೆದು, ಬೆಂಗಳೂರಿನ ತಜ್ಞರು ಓದುವ ‘ಕಿಡ್ರಾಪ್’ ಯೋಜನೆಯನ್ನು ನಾರಾಯಣ ನೇತ್ರಾಲಯ 2008ರಲ್ಲೇ ಆರಂಭಿಸಿತು. ದೊಡ್ಡವರಿಗೂ ಇಂಥ ಕೊಂಡಿ ಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳುತ್ತಾರೆ. ಹೊಸದಾಗಿ ಕಳಚಿದ ಅಕ್ಷಿಪಟಲವನ್ನು ತುರ್ತೆಂದೇ ಪರಿಗಣಿಸಿ, ತಿಪಟೂರಿನಲ್ಲಿ ಪತ್ತೆಯಾದ ರೋಗಿ ಸುಮಾರು 140 ಕಿ.ಮೀ. ಆಚೆಯ ಬೆಂಗಳೂರು ತಲಪುವ ಮೊದಲೇ ಅಲ್ಲಿನ ಸರ್ಜನ್‌ಗೆ ಫೋನ್ ಹೋಗುವಂತಿರಬೇಕು.