ನಲವತ್ತು ನಿಮಿಷ, ಮತ್ತು ರೀಲ್‌ನಲ್ಲಿ ಕಾಣದ ಮಾತ್ರೆ

ಬೈಪೋಲಾರ್ ಅಂದ್ರೆ ನಮಗೆ ಮೊದಲು ನೆನಪಾಗೋದು ಟ್ರಾನ್ಸಿಸ್ಟರ್. ನಮ್ಮ ಹಾಸ್ಟೆಲ್ ಗೆಳೆಯನೊಬ್ಬನಿಗೆ ಅದು ದಿನಾ ರಾತ್ರಿ ನುಂಗೋ ಲಿಥಿಯಂ ಮಾತ್ರೆ. (ಅವನನ್ನ ಕೇಳಿಯೇ ಬರೀತಿದ್ದೀವಿ.) ಕಳೆದ ತಿಂಗಳು ಒಂದು ರೀಲ್ ತೋರಿಸಿದ: ಕೆಟಮಿನ್ ಕೊಟ್ರೆ ನಲವತ್ತೇ ನಿಮಿಷದಲ್ಲಿ ಖಿನ್ನತೆ ಮಾಯ! "ಹಾಗಾದ್ರೆ ನಾನ್ಯಾಕೋ ಇದನ್ನ ನುಂಗ್ಬೇಕು?" ಅಂದ. ಕೈ ನಡುಗತ್ತೆ, ಸದಾ ಬಾಯಾರಿಕೆ, ಆಗಾಗ ರಕ್ತಪರೀಕ್ಷೆ. ಅವನ ಸಿಟ್ಟು ನ್ಯಾಯವಾದದ್ದೇ. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕೂತು ಓದಿದ್ವಿ.

ನಲವತ್ತು ನಿಮಿಷ ಅನ್ನೋದು ಸುಳ್ಳಲ್ಲ. ಕೆಟಮಿನ್ 1962ರಲ್ಲಿ ತಯಾರಾದ ಅರಿವಳಿಕೆ ಔಷಧ, ಆಪರೇಷನ್ ಥಿಯೇಟರ್‌ಗಳಲ್ಲಿ ಇವತ್ತಿಗೂ ಬಳಸ್ತಾರೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಔಷಧಕ್ಕೆ ಬಗ್ಗದ ಬೈಪೋಲಾರ್ ಖಿನ್ನತೆ ಇದ್ದ 18 ಜನರಿಗೆ ಇದನ್ನ ಕಡಿಮೆ ಪ್ರಮಾಣದಲ್ಲಿ ಡ್ರಿಪ್ ಮೂಲಕ ಕೊಟ್ಟರು. 40 ನಿಮಿಷದೊಳಗೆ ಖಿನ್ನತೆ ಇಳಿಯಿತು. ಉಳಿದ ಔಷಧಗಳು ವಾರಗಟ್ಟಲೆ ಕಾಯಿಸುತ್ತವೆ. ಸಾಯೋ ಯೋಚನೆಯಲ್ಲಿ ಇರೋರಿಗೆ ಇದು ಸಣ್ಣ ವಿಷಯ ಅಲ್ವೇ ಅಲ್ಲ.

ಆದರೆ ಆ ಜನ ಲಿಥಿಯಂ ಇಲ್ಲವೇ ವಾಲ್ಪ್ರೋಯೇಟ್ ತಗೊಳ್ತಾನೇ ಇದ್ರು! ಮನಸ್ಸು ಖಿನ್ನತೆಯಿಂದ ನೇರ ಉನ್ಮಾದಕ್ಕೆ ಜಿಗಿಯದ ಹಾಗೆ ಹಿಡಿದಿಡೋ ಔಷಧಗಳು ಅವು. ಕೆಟಮಿನ್ ಕೊಟ್ಟಿದ್ದು ಅದರ ಜೊತೆಗೆ, ಅದರ ಬದಲಿಗೆ ಅಲ್ಲ. ರೀಲ್‌ನವರು ಇದನ್ನೇ ನುಂಗಿಬಿಟ್ಟಿದ್ದಾರೆ. ಮತ್ತೆ ಆ ಒಂದು ಡೋಸ್‌ನ ಸ್ಪಷ್ಟ ಪರಿಣಾಮ ಉಳಿದದ್ದು ಮೂರನೇ ದಿನದವರೆಗೆ. ರೈಸ್ ಟೈಮ್ ಒಂದನ್ನೇ ನೋಡಿ ಸಿಸ್ಟಮ್ ಸ್ಟೇಬಲ್ ಅಂತ ಬರೆದರೆ ಇಂಟರ್ನಲ್ಸ್‌ನಲ್ಲಿ ಎಷ್ಟು ಮಾರ್ಕ್ಸ್ ಬರತ್ತೆ ಅಂತ ನಮಗೆ ಅನುಭವ ಇದೆ.

ನಾವು ಕೆಟಮಿನ್ ವಿರೋಧಿಗಳಲ್ಲ. ಇನ್ನಷ್ಟು ಜನರ ಮೇಲೆ, ಹೆಚ್ಚು ಕಾಲ, ವೈದ್ಯರ ಕಣ್ಣೆದುರು ಅಧ್ಯಯನ ಆಗಲೇಬೇಕು. ಅದರ ಹತ್ತಿರದ ಸಂಬಂಧಿ ಎಸ್‌ಕೆಟಮಿನ್‌ಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಅದೂ ಬೈಪೋಲಾರ್‌ಗೆ ಅಲ್ಲ. ತಗೊಂಡ ಮೇಲೆ ಕನಿಷ್ಠ ಎರಡು ಗಂಟೆ ಅಲ್ಲೇ ನಿಗಾದಲ್ಲಿ ಕೂರಬೇಕು. 'ಫ್ರೆಂಡ್ಸ್' ನೋಡಿದವರಿಗೆ ಮ್ಯಾಥ್ಯೂ ಪೆರ್ರಿ 2023ರಲ್ಲಿ ಹೇಗೆ ತೀರಿಕೊಂಡರು ಅಂತ ಗೊತ್ತಿರತ್ತೆ. ನಮ್ಮ ತಕರಾರು ಇರೋದು ಹುಷಾರಿಲ್ಲದವನ ಕೈಗೆ ಅರ್ಧ ಸತ್ಯ ಕೊಡೋರ ಮೇಲೆ. ಅದನ್ನ ಗ್ರೂಪಿಗೆ ಫಾರ್ವರ್ಡ್ ಮಾಡೋ ನಮ್ಮ ಮೇಲೂ.

ಇಷ್ಟೆಲ್ಲ ಓದಿ ಹೇಳಿದ್ದಕ್ಕೆ ಅವನು "ಸರಿ, ಪ್ರೊಫೆಸರ್ರೇ" ಅಂತ ನಕ್ಕ. ಮಾತ್ರೆ ಬಿಟ್ಟಿಲ್ಲ. ಕೈನಡುಕದ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡ್ತೀನಿ ಅಂದಿದ್ದಾನೆ. ಸೋಮವಾರ ಮತ್ತೆ ರಕ್ತಪರೀಕ್ಷೆ. ಯಾರ ಬೈಕ್ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.