ಕೂಡಿ ನಡೆಯೋಣ, ಕಾಲು ಕಾಯ್ದುಕೊಳ್ಳೋಣ



ಧರ್ಮಾಚರಣೆಗೆ ಶರೀರವೇ ಮೊದಲ ಸಾಧನ. ಅಂಗವಿದ್ದರೆ ತಾನೇ ಅಂಗದ ಮೇಲೆ ಲಿಂಗ? ಆದ್ದರಿಂದ ಕಾಯವನ್ನು ಕಾಯ್ದುಕೊಳ್ಳುವುದೂ ಶಿವಪೂಜೆಯ ಒಂದು ಭಾಗವೆಂದೇ ತಿಳಿಯಬೇಕು. ಇಂದು ಈ ಮಾತು ಹೇಳಲು ಕಾರಣವಿದೆ.

ಹೋಳಿ ಹುಣ್ಣಿಮೆ ಕಳೆಯುತ್ತಲೇ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಸಹಸ್ರಾರು ಭಕ್ತರು ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲದ ದಾರಿ ಹಿಡಿಯುತ್ತಾರೆ. ಆತ್ಮಕೂರು ದಾಟಿ, ನಲ್ಲಮಲ ಅರಣ್ಯ ಹೊಕ್ಕು, ಭೀಮನಕೊಳ್ಳಕ್ಕೆ ಇಳಿದು, ಕೈಲಾಸದ್ವಾರಕ್ಕೆ ಏರಿ, ಯುಗಾದಿಯ ಹೊತ್ತಿಗೆ ಮಲ್ಲಿಕಾರ್ಜುನನ ಸನ್ನಿಧಿ ಸೇರುತ್ತಾರೆ. ದಾರಿಯುದ್ದಕ್ಕೂ ಊರವರು ಮಜ್ಜಿಗೆ, ರೊಟ್ಟಿ, ಬಿಸಿನೀರು, ಕಾಲಿಗೆ ಎಣ್ಣೆ ಕೊಟ್ಟು ದಾಸೋಹ ಮಾಡುತ್ತಾರೆ.

ಮನೆಯಲ್ಲಿ ನಾಲ್ಕು ಹೆಜ್ಜೆಗೇ ಮೊಣಕಾಲು ಹಿಡಿದು ಕೂರುವ ಅಜ್ಜ ಅಲ್ಲಿ ಹರದಾರಿಗಟ್ಟಲೆ ನಡೆಯುತ್ತಾನೆ. ಇದೇನು ಪವಾಡವೆಂದು ಕೇಳುವವರಿದ್ದಾರೆ. ಮಲ್ಲಯ್ಯನ ಕೃಪೆ ನಿಜ. ಆದರೆ ಆ ಕೃಪೆ ಬರುವುದು ಪಕ್ಕದವನ ಹೆಗಲಿನ ರೂಪದಲ್ಲಿ. ಒಬ್ಬ ಹಾಡಿದರೆ ಹತ್ತು ಮಂದಿ ದನಿಗೂಡಿಸುತ್ತಾರೆ. ಒಬ್ಬ ಕುಸಿದರೆ ಇಬ್ಬರು ಎತ್ತುತ್ತಾರೆ. ಹೊಲದ ಒಡೆಯನೂ ಕೂಲಿಯವನೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಭಕ್ತರೆಲ್ಲರನ್ನೂ ಸಮನಾಗಿ ಕಾಣುವ ಶಿವಾಚಾರ ಅಲ್ಲಿದೆ. ದಣಿದವನ ಕಾಲು ತೊಳೆಯುವಲ್ಲಿ ಭೃತ್ಯಾಚಾರವಿದೆ.

ವೈದ್ಯಶಾಸ್ತ್ರವೂ ಇದನ್ನೇ ಹೇಳುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಹೃದಯದತ್ತ ಮೇಲಕ್ಕೆ ಒತ್ತುತ್ತವೆ. ಊಟದ ನಂತರ ನಡೆದರೆ ರಕ್ತದಲ್ಲಿನ ಸಕ್ಕರೆಯನ್ನು ಸ್ನಾಯುಗಳು ಬಳಸಿಕೊಳ್ಳುತ್ತವೆ. ಗುಂಪಾಗಿ ನಡೆಯುವವರನ್ನು ಕುರಿತ 42 ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಅವರ ರಕ್ತದೊತ್ತಡವೂ ಮನಸ್ಸಿನ ಖಿನ್ನತೆಯೂ ತಗ್ಗಿದ್ದು ಕಂಡುಬಂದಿತು. ನಡುವೆ ಬಿಟ್ಟವರೂ ಕಡಿಮೆ. ಜೊತೆಗಾರ ಬಾಗಿಲಲ್ಲಿ ನಿಂತು ಕರೆದರೆ ಹಾಸಿಗೆ ಬಿಡಲೇಬೇಕಷ್ಟೆ!

ಆದರೆ ವರ್ಷಕ್ಕೊಮ್ಮೆ ಹದಿನೈದು ದಿನ ನಡೆದು, ಉಳಿದ ದಿನ ಕಟ್ಟೆಯ ಮೇಲೆ ಕೂತರೆ ಫಲವೇನು? ಹಿಂದೆ ಹೊಲಕ್ಕೆ, ಬಾವಿಗೆ, ಸಂತೆಗೆ ನಡೆದೇ ಹೋಗಬೇಕಿತ್ತು. ಈಗ ಕಿರಾಣಿ ಅಂಗಡಿಗೂ ಬೈಕು ಬೇಕು. ಸಕ್ಕರೆ ಕಾಯಿಲೆ ಪಟ್ಟಣದ್ದೆಂಬ ಮಾತು ಹಳೆಯದಾಯಿತು. ಪಟ್ಟಣದವರ ಓಟ ಕಂಡು ನಮ್ಮ ಹಿರಿಯರು ನಗುವುದುಂಟು. ನಗಬೇಡಿ. 2008ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಓಟದ ಉತ್ಸವದಲ್ಲಿ ಹಿರಿಯ ನಾಗರಿಕರಿಗಾಗಿಯೇ ಬೇರೆ ಓಟವಿದೆ. ಕಳೆದುಕೊಂಡದ್ದನ್ನು ಅವರು ಹುಡುಕುತ್ತಿದ್ದಾರೆ. ಕೈಯಲ್ಲಿದ್ದದ್ದನ್ನು ನಾವು ಚೆಲ್ಲುತ್ತಿದ್ದೇವೆ.

ಇನ್ನೊಂದು ಮಾತು, ನಮ್ಮದೇ ತಪ್ಪಿನದು. ಕೆಲವು ವರ್ಷಗಳ ಹಿಂದೆ ಶ್ರೀಮಠದ ಹಿರಿಯ ಭಕ್ತರೊಬ್ಬರು ಬರಿಗಾಲಲ್ಲಿ ಶ್ರೀಶೈಲಕ್ಕೆ ಹೋಗುವ ಹರಕೆ ಹೊತ್ತು ಅಪ್ಪಣೆ ಕೇಳಲು ಬಂದರು. ವಿಭೂತಿ ಹಚ್ಚಿ ಹರಸಿ ಕಳಿಸಿದೆವು. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಲಿಲ್ಲ. ಆ ಕಾಯಿಲೆ ಹಳತಾದರೆ ಪಾದದ ಸ್ಪರ್ಶಜ್ಞಾನ ಮಂಕಾಗುತ್ತದೆ; ಮುಳ್ಳು ಚುಚ್ಚಿದರೂ, ಕಾದ ಡಾಂಬರಿಗೆ ಬೊಬ್ಬೆ ಎದ್ದರೂ ತಿಳಿಯದು. ಅವರು ಊರಿಗೆ ಮರಳುವಾಗ ಹುಣ್ಣು ಎಲುಬಿಗೆ ಇಳಿದಿತ್ತು. ಎರಡು ಬೆರಳು ತೆಗೆಯಬೇಕಾಯಿತು. ಅವರು ಇಂದಿಗೂ ಅದನ್ನು ಮಲ್ಲಯ್ಯನ ಇಚ್ಛೆ ಎನ್ನುತ್ತಾರೆ. ನಾವು ಹಾಗೆಂದು ನುಣುಚಿಕೊಳ್ಳಲಾರೆವು.

ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇವೆ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಬಾರದು. ಚಪ್ಪಲಿಯನ್ನು ಗುಡಿಯ ಬಾಗಿಲಲ್ಲಿ ಕಳಚಿದರೆ ಸಾಕು. ಮನೆಯ ಬಾಗಿಲಲ್ಲೇ ಕಳಚಿ ಬಾ ಎಂದು ಮಲ್ಲಯ್ಯ ಕೇಳಿಲ್ಲ. ರಾತ್ರಿ ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಿ. ಎದೆನೋವು, ಏದುಸಿರು ಉಳ್ಳವರು ಹೊರಡುವ ಮೊದಲು ವೈದ್ಯರನ್ನು ಕಾಣಿರಿ. ಅಪ್ಪಣೆ ಕೇಳಲು ಬಂದವರನ್ನು ನಾವೂ ಈಗ ಮೊದಲು ಆರೋಗ್ಯ ವಿಚಾರಿಸಿಯೇ ಹರಸುತ್ತೇವೆ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆ ಅಥವಾ ಅಂಥದೇ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನಕ್ಕೆ ಅರ್ಧ ತಾಸಿನಂತೆ ಐದು ದಿನವಾಯಿತು. ಸೋಮವಾರ ನಸುಕಿನಲ್ಲಿ ಊರೆಲ್ಲ ಕೂಡಿ ಅಗಸಿಯಿಂದ ಕೆರೆಯವರೆಗೆ ನಡೆಯಿರಿ. ಉಳಿದ ನಾಲ್ಕು ದಿನ ಓಣಿಯವರೇ ಕೂಡಿ ನಡೆಯಿರಿ. ಎಲ್ಲ ಜಾತಿಯವರೂ ಬರಲಿ. ಮೆಲ್ಲನೆ ನಡೆಯುವವರು ಮುಂದಿರಲಿ, ಹುರುಪಿನ ಹುಡುಗರು ಹಿಂದಿರಲಿ. ಸೊಸೆಯಂದಿರನ್ನೂ ಕರೆಯಿರಿ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಅಕ್ಕಮಹಾದೇವಿ ನಡೆದಳೆಂದು ಹಾಡುವ ನಾವು, ಮನೆಯ ಹೆಣ್ಣುಮಕ್ಕಳನ್ನು ಒಲೆಯ ಮುಂದೆಯೇ ಕೂರಿಸುವುದು ಯಾವ ಧರ್ಮ?

ಯಾರು ಬಂದಿಲ್ಲ ಎಂಬುದನ್ನೂ ನೋಡಿರಿ. ಮಕ್ಕಳೆಲ್ಲ ಪಟ್ಟಣ ಸೇರಿದ ಮನೆಯಲ್ಲಿ ಒಬ್ಬಳೇ ಮುದುಕಿ ಜ್ವರದಿಂದ ಮಲಗಿದ್ದರೆ, ಅಂದು ಅವಳ ಬಾಗಿಲು ತಟ್ಟುವವರು ನೀವೇ.

ಜಂಗಮವೆಂದರೆ ಚಲಿಸುವುದು. ಊರು ಕೂಡಿ ನಡೆದರೆ ಊರೇ ಜಂಗಮವಾದೀತು. ಸರ್ವರಿಗೂ ಸನ್ಮಂಗಳವಾಗಲಿ.