ನನ್ನದು ಮೊಬೈಲ್ ಟವರ್ ಅಲ್ಲ!

‘ತಿಂಗಳಿಗೆ ಬಾಡಿಗಿ ಎಷ್ಟು ಕೊಡ್ತಾರಂತಪಾ?’

ಮನೆಯ ಮಾಳಿಗೆ ಮೇಲೆ ಕಬ್ಬಿಣದ ಕಂಬ ನಿಲ್ಲಿಸುತ್ತೇನೆ ಎಂದಾಗಿನಿಂದ ಓಣಿಯಲ್ಲಿ ಎದುರಾದವರೆಲ್ಲ ನನ್ನನ್ನು ಕೇಳುವುದು ಇದನ್ನೇ. ಯಾವ ಕಂಪನಿಯೂ ನನಗೆ ಬಾಡಿಗೆ ಕೊಡುವುದಿಲ್ಲ. ನಾನು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ನಡೆಸುವವನು. ಕಂಬ ಬೇಕಿರುವುದು ನನ್ನ ಆಂಟೆನಾಕ್ಕೆ. ಡಿಗ್ರಿ ಮುಗಿಸಿ, ಕೆಲಸ ಹುಡುಕುತ್ತ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವೆ ಬಸ್ಸಿನಲ್ಲಿ ಓಡಾಡುವ ಹುಡುಗನಿಗೆ ಇದೆಲ್ಲ ಯಾಕೆ ಎಂದು ಮನೆಯಲ್ಲೂ ಕೇಳಿದ್ದಾರೆ.

ಪರವಾನಗಿ ಪಡೆಯುವುದು ಕಷ್ಟವಾಗಲಿಲ್ಲ. 12 ವರ್ಷ ತುಂಬಿದವರು ಯಾರು ಬೇಕಾದರೂ ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆಯಬಹುದು. ರೇಡಿಯೋ ಹೇಗೆ ಕೆಲಸ ಮಾಡುತ್ತದೆ, ಅದನ್ನು ಬಳಸುವ ನಿಯಮಗಳೇನು ಎಂಬುದನ್ನು ಓದಿಕೊಂಡರೆ ಸಾಕು. ನಿರ್ಬಂಧಿತ ದರ್ಜೆಗೆ ಮೋರ್ಸ್ ಕೋಡ್ ಕೂಡ ಬೇಕಿಲ್ಲ. ಪಾಸಾದೆ, ‘ವಿಯು3’ ಎಂದು ಶುರುವಾಗುವ ನನ್ನದೇ ಕರೆಸಂಕೇತ ಬಂತು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೂ ಅಷ್ಟು ಖುಷಿಪಟ್ಟಿರಲಿಲ್ಲ.

ಕಷ್ಟ ಶುರುವಾಗಿದ್ದು ಆಮೇಲೆ. ಆ ಪರವಾನಗಿ ರೇಡಿಯೋಗೆ ಮಾತ್ರ. ಕಂಬ ಕಟ್ಟಡದ ವಿಚಾರ. ಅದು ಸ್ಥಳೀಯ ಸಂಸ್ಥೆಗೆ ಸೇರಿದ್ದು. ಅರ್ಜಿ ಹಿಡಿದು ಹೋದೆ. ಕಚೇರಿಯವರ ಬಳಿ ಇದ್ದದ್ದು ಎರಡೇ ಫಾರ್ಮು. ಒಂದು ಮನೆ ಕಟ್ಟುವವರಿಗೆ, ಇನ್ನೊಂದು ಮೊಬೈಲ್ ಟವರ್ ಹಾಕುವ ಕಂಪನಿಗೆ.

‘ಕಂಪನಿ ಹೆಸರು ಬರಿ.’

‘ಕಂಪನಿ ಇಲ್ಲ ಸರ್.’

‘ಹಂಗಾದ್ರ ನಿನ್ನ ಯಾವ ಕಾಲಂನ್ಯಾಗ ಹಾಕ್ಲಿ?’

ಅವರದು ತಪ್ಪು ಎನ್ನಲಾರೆ. ಅವರೆದುರು ಇದ್ದ ಕಾಗದದಲ್ಲಿ ನನ್ನಂಥವನಿಗೆ ಜಾಗವೇ ಇರಲಿಲ್ಲ. ನಾಲ್ಕು ಸಲ ಅಲೆದ ಮೇಲೆ ಗೆಳೆಯನೊಬ್ಬ ಉಪಾಯ ಹೇಳಿದ: ‘ರಾತ್ರೋರಾತ್ರಿ ನಿಲ್ಲಿಸಿಬಿಡು. ಓಣ್ಯಾಗ ಎಷ್ಟು ಮಂದಿ ಪರ್ಮಿಷನ್ ತಗೊಂಡು ಎರಡನೇ ಮಾಳಿಗಿ ಕಟ್ಯಾರ?’ ಸುಳ್ಳು ಹೇಳುವುದಿಲ್ಲ, ನನಗೂ ಆಸೆಯಾಯಿತು.

ಅಷ್ಟಕ್ಕೂ ಎತ್ತರವೇ ಯಾಕೆ ಬೇಕು? ಊರೂರಿನ ನಡುವೆ ಮಾತಾಡಲು ನಾವು ಬಳಸುವ ವಿಎಚ್‌ಎಫ್ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರವಾಗಿ ಸಾಗುತ್ತವೆ. ಭೂಮಿ ಬಾಗಿರುವುದರಿಂದ ಆಂಟೆನಾ ಎತ್ತರವಿದ್ದಷ್ಟೂ ದೂರ ಮುಟ್ಟುತ್ತದೆ. ಸಪಾಟು ನೆಲದಲ್ಲಿ 4 ಮೀಟರ್ ಎತ್ತರದ ಆಂಟೆನಾಕ್ಕೆ ಸುಮಾರು 8 ಕಿ.ಮೀ., 16 ಮೀಟರ್‌ನದಕ್ಕೆ ಸುಮಾರು 16 ಕಿ.ಮೀ. ಎರಡೂ ಬದಿಯಲ್ಲಿ 16 ಮೀಟರ್ ಇದ್ದರೆ 32 ಕಿ.ಮೀ. ಮಸ್ಕಿಯಿಂದ ಸಿಂಧನೂರು ಮುಟ್ಟಲು ಅಷ್ಟು ಸಾಕು. ನಮ್ಮ ಮಾಳಿಗೆ 4 ಮೀಟರ್, ನಾನು ಕೇಳಿದ ಕಂಬ 12 ಮೀಟರ್. ಲೆಕ್ಕ ಇಷ್ಟೇ.

ಇದರಿಂದ ಊರಿಗೇನು ಎನ್ನಬಹುದು. 2009ರ ಅಕ್ಟೋಬರ್ ಮೊದಲ ವಾರದ ನೆರೆ ನಮ್ಮ ಜಿಲ್ಲೆಯ ಯಾರೂ ಮರೆತಿಲ್ಲ; ಮಂತ್ರಾಲಯ ಮುಳುಗಿದ್ದು ಆಗಲೇ. ನಾನು ಚಿಕ್ಕವನು. ಸೋದರತ್ತೆಯ ಊರಿಗೆ ಎರಡು ದಿನ ಫೋನ್ ಹತ್ತಲಿಲ್ಲ. ಅಪ್ಪ ಸೈಕಲ್ ಮೇಲೆ ಹಳ್ಳದ ದಂಡೆಯವರೆಗೆ ಹೋಗಿ ನೀರು ನೋಡಿ ತಿರುಗಿ ಬಂದ. ಅಂಥ ಹೊತ್ತಿನಲ್ಲಿ ಬ್ಯಾಟರಿಯ ಮೇಲೆ ನಡೆಯುವ ಹ್ಯಾಮ್ ರೇಡಿಯೋ ಏನು ಮಾಡಬಲ್ಲದು ಎಂಬುದನ್ನು 2004ರ ಸುನಾಮಿ ತೋರಿಸಿತು. ಹವ್ಯಾಸಿ ರೇಡಿಯೋ ಕೇಂದ್ರ ನಡೆಸಲು ಭಾರತಿ ಪ್ರಸಾದ್ ಮತ್ತು ಸಂಗಡಿಗರು ಆ ಡಿಸೆಂಬರ್‌ನಲ್ಲಿ ಅಂಡಮಾನ್‌ಗೆ ಹೋಗಿದ್ದರು. 26ರಂದು ಅಲೆ ಅಪ್ಪಳಿಸಿ ಸಂಪರ್ಕ ಕಡಿದಾಗ, ಪೋರ್ಟ್ ಬ್ಲೇರ್‌ನಿಂದ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದ್ದು ಅವರ ರೇಡಿಯೋ.

ಹಾಗಿದ್ದರೆ ರಾತ್ರೋರಾತ್ರಿ ಯಾಕೆ ನಿಲ್ಲಿಸಲಿಲ್ಲ? ಪಕ್ಕದ ಮನೆಯ ಅಮ್ಮ ಕೇಳಿದ ಪ್ರಶ್ನೆಯಿಂದಾಗಿ. ರೇಡಿಯೇಷನ್ ಭಯ ಹೇಳಿದವರಿಗೆಲ್ಲ ನನ್ನಲ್ಲಿ ಉತ್ತರವಿತ್ತು: ನನ್ನ ಕೈಸೆಟ್ಟಿನ ಶಕ್ತಿ 5 ವಾಟ್, ಅದೂ ನಾನು ಮಾತಾಡುವಾಗ ಮಾತ್ರ, ಆಂಟೆನಾ ಮೇಲೇರಿದಷ್ಟೂ ಜನರಿಂದ ದೂರ. ಆದರೆ ಆಕೆ ಕೇಳಿದ್ದೇ ಬೇರೆ. ‘ತಮ್ಮಾ, ಅದು ಬಿದ್ರ ಯಾರ ಮ್ಯಾಲ ಬೀಳ್ತದ?’

ಟೇಪ್ ಹಿಡಿದು ಅಳೆದೆ. ಕಂಬದ ಬುಡದಿಂದ ಆಕೆಯ ಗೋಡೆಗೆ 7 ಮೀಟರ್, ಎದುರಿನ ಕರೆಂಟ್ ತಂತಿಗೆ 9. ನನ್ನ ಕಂಬ 12. ಬಿರುಗಾಳಿಗೆ ಬಿದ್ದರೆ ಆಕೆಯ ಅಡುಗೆಮನೆ ಮೇಲೆ, ಇಲ್ಲವೇ ತಂತಿಯ ಮೇಲೆ. ಪರೀಕ್ಷೆಗೆ ಅಷ್ಟೆಲ್ಲ ಓದಿದ ನಾನು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅನುಮತಿ ಎಂಬುದು ಬರೀ ಕಿರಿಕಿರಿಯಲ್ಲ, ಈ ಪ್ರಶ್ನೆಯನ್ನು ಮೊದಲೇ ಕೇಳುವ ವ್ಯವಸ್ಥೆ ಎಂದು ಅವತ್ತು ಅರ್ಥವಾಯಿತು. ಬೇಸರವೆಂದರೆ, ಕಚೇರಿಯಲ್ಲಿ ಕಂಪನಿ ಹೆಸರು ಕೇಳಿದರೇ ಹೊರತು ಇದನ್ನು ಯಾರೂ ಕೇಳಲಿಲ್ಲ.

ಆದ್ದರಿಂದ ನನ್ನ ಮನವಿ ಸರಳ. ನಮ್ಮ ಪಂಚಾಯಿತಿ, ಪುರಸಭೆ, ನಗರಸಭೆಗಳು ಹ್ಯಾಮ್ ಕಂಬಕ್ಕೆಂದೇ ಒಂದು ಪುಟದ ಅರ್ಜಿ ಮಾಡಲಿ. ಪರವಾನಗಿಯ ಪ್ರತಿ ಕೇಳಲಿ. ಕಂಬದ ಉದ್ದ, ನೆರೆಮನೆ ಮತ್ತು ವಿದ್ಯುತ್ ತಂತಿಗೆ ಇರುವ ದೂರಕ್ಕಿಂತ ಕಡಿಮೆ ಇರಲಿ. ಮಾಳಿಗೆ ಭಾರ ತಡೆಯುತ್ತದೆಯೇ, ಬಿಗಿತಂತಿ, ಅರ್ಥಿಂಗ್ ಸರಿಯಿದೆಯೇ ಎಂದು ಎಂಜಿನಿಯರ್ ಒಬ್ಬರು ನೋಡಿ ಸಹಿ ಹಾಕಲಿ. 30 ದಿನದಲ್ಲಿ ಹೌದು ಅಥವಾ ಇಲ್ಲ ಎಂದು ಬರೆದು ಕೊಡಲಿ. ಇಲ್ಲವಾದರೆ ಕಾರಣ ಹೇಳಲಿ. ಇದೇನೂ ವಿಚಿತ್ರ ಬೇಡಿಕೆಯಲ್ಲ. ಹ್ಯಾಮ್ ಆಂಟೆನಾಗಳಿಗೆ ಸ್ಥಳೀಯ ಆಡಳಿತಗಳು ನ್ಯಾಯವಾದ ಅವಕಾಶ ಕೊಡಬೇಕು, ಅಗತ್ಯವಿದ್ದಷ್ಟೇ ಕಟ್ಟಳೆ ಹಾಕಬೇಕು ಎಂದು ಅಮೆರಿಕದ ಸಂಪರ್ಕ ಆಯೋಗ 1985ರಲ್ಲೇ ಹೇಳಿದೆ. ಹಟ್ಟಿ ಗಣಿಯ ಗೋಪುರ, ರೈಸ್ ಮಿಲ್ಲುಗಳ ಚಿಮಣಿ ನೋಡುತ್ತ ಬೆಳೆದ ನಮಗೆ ಒಂದು ಸಣ್ಣ ಕಂಬ ಹೊರೆಯಾಗಲಾರದು.

ಗೆಳೆಯರಿಗೂ ಒಂದು ಮಾತು. ರೇಡಿಯೋ ಕಲಿಯಲು ಕಂಬಕ್ಕಾಗಿ ಕಾಯಬೇಕಿಲ್ಲ. ಸದ್ಯಕ್ಕೆ ನಾನು ಮಾಳಿಗೆಯಿಂದ ಬೇವಿನ ಮರಕ್ಕೆ 20 ಮೀಟರ್ ತಂತಿ ಎಳೆದಿದ್ದೇನೆ. 40 ಮೀಟರ್ ಬ್ಯಾಂಡಿನಲ್ಲಿ ಬೆಂಗಳೂರು, ಹೈದರಾಬಾದ್‌ನ ದನಿಗಳು ಕೇಳುತ್ತವೆ. ಬೆಸುಗೆ ಹಾಕುವುದು, ಅಳೆಯುವುದು, ಅಪರಿಚಿತರೊಡನೆ ಚುಟುಕಾಗಿ, ಸ್ಪಷ್ಟವಾಗಿ ಮಾತಾಡುವುದು ಇಲ್ಲೇ ಬಂದದ್ದು. ಸಂದರ್ಶನಗಳಲ್ಲಿ ಈಗ ಮೊದಲಿನಷ್ಟು ತಡವರಿಸುವುದಿಲ್ಲ.

ಕಂಬವನ್ನು 6 ಮೀಟರಿಗೆ ಇಳಿಸಿ ಹೊಸ ಅರ್ಜಿ ಕೊಟ್ಟಿದ್ದೇನೆ. ದೂರ ಕಡಿಮೆಯಾಗುತ್ತದೆ, ಆಗಲಿ. ಜೊತೆಗೆ ಅಳತೆಯ ನಕ್ಷೆ ಇದೆ, ಅದರ ಕೆಳಗೆ ಪಕ್ಕದ ಮನೆಯ ಅಮ್ಮನ ಸಹಿ ಇದೆ. ಕಂಪನಿ ಹೆಸರಿನ ಕಾಲಂ ಮಾತ್ರ ಖಾಲಿ ಬಿಟ್ಟಿದ್ದೇನೆ.